ಕಡಲತೀರದ ಖನಿಜ ಮರಳು ಮತ್ತು ಗ್ರಾಮದ ಅಹವಾಲು: ಒಂದು ಅಧ್ಯಯನ

ಪೀಠಿಕೆ

ನಮ್ಮ ಬಯಲುಸೀಮೆಯ ಮಕ್ಕಳಿಗೆ ಮರಳೆಂದರೆ ಹಳ್ಳದ ಮರಳು. ಮನೆ ಕಟ್ಟುವ ಕಾಲಕ್ಕೆ ಅದರ ಬೆಲೆ ತಿಳಿಯುತ್ತದೆಯೇ ಹೊರತು ಅದರ ಕಣಕಣಗಳಲ್ಲಿ ಭೇದವುಂಟೆಂಬುದು ಸಾಮಾನ್ಯವಾಗಿ ಗಮನಕ್ಕೆ ಬರುವುದಿಲ್ಲ. ಆದರೆ ಗದಗ ಸೀಮೆಯ ಕಪ್ಪತಗುಡ್ಡದ ಹಳ್ಳಗಳಲ್ಲಿ ಹಿಂದಿನ ಕಾಲದ ಜಾಲಗಾರರು ಈ ಭೇದವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಮರಳನ್ನು ಮರಿಗೆಯಲ್ಲಿ ಹಾಕಿ ನೀರಿನಲ್ಲಿ ಅಲುಗಿಸಿ ತೊಳೆದರೆ ಹಗುರವಾದುದು ಹರಿದುಹೋಗಿ ಭಾರವಾದ ಚಿನ್ನದ ಕಣ ತಳದಲ್ಲಿ ನಿಲ್ಲುತ್ತಿತ್ತು. ಕೇರಳದ ಕೊಲ್ಲಂ ಜಿಲ್ಲೆಯ ಚವರದಲ್ಲಿಯೂ ತಮಿಳುನಾಡಿನ ಕನ್ಯಾಕುಮಾರಿ ಜಿಲ್ಲೆಯ ಮಣವಾಳಕುರಿಚಿಯಲ್ಲಿಯೂ ಕಡಲು ಸಾವಿರಾರು ವರ್ಷಗಳಿಂದ ಮಾಡುತ್ತ ಬಂದಿರುವ ಕೆಲಸ ಇದೇ. ಅಲೆ ತೊಳೆದು ತೊಳೆದು ಉಳಿಸಿದ ಭಾರವಾದ ಕಪ್ಪು ಮರಳು ಅಲ್ಲಿನ ದಂಡೆಯಲ್ಲಿ ಪದರು ಪದರಾಗಿ ಬಿದ್ದಿದೆ.

ಈ ಮರಳು ರಾಷ್ಟ್ರದ ಸಂಪತ್ತು. ಅದೇ ಮರಳು ಬೆಸ್ತರ ಊರಿನ ನೆಲ. ಈ ಎರಡು ಸತ್ಯಗಳ ನಡುವೆ ನಿಂತು ನ್ಯಾಯ ಹೇಳಬೇಕಾದದ್ದು ನಿಯಂತ್ರಣದ ಕಾನೂನು. ಆ ಕಾನೂನು ಹೇಗೆ ಬೆಳೆಯಿತು, ಅನುಮತಿ ಯಾವ ಯಾವ ಮೆಟ್ಟಿಲುಗಳನ್ನು ಹತ್ತಿ ಬರುತ್ತದೆ, ಅದರಲ್ಲಿ ಗ್ರಾಮಸ್ಥನ ಮಾತಿಗೆ ಎಲ್ಲಿ ಸ್ಥಾನವಿದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಕಡಲಿಲ್ಲದ ನಮಗೆ ಇದರಿಂದೇನು ಎಂದು ಯಾರಾದರೂ ಕೇಳಬಹುದು. ಅದಕ್ಕೆ ಉತ್ತರ ಲೇಖನದ ಕೊನೆಯ ಭಾಗದಲ್ಲಿ ದೊರೆಯುತ್ತದೆ.

1. ಮರಳಿನಲ್ಲಿ ಏನಿದೆ?

ಸಾಧಾರಣ ಮರಳಿನ ಬಹುಭಾಗ ಬೆಣಚುಕಲ್ಲಿನ ಪುಡಿ. ಅದು ನೀರಿಗಿಂತ ಸುಮಾರು 2.65 ಪಟ್ಟು ಭಾರ. ಪಶ್ಚಿಮಘಟ್ಟದ ಪುರಾತನ ಶಿಲೆಗಳು ಬಿಸಿಲು ಮಳೆಗಳಿಗೆ ಸವೆದು ಹೊಳೆಗಳ ಮೂಲಕ ಕಡಲನ್ನು ಸೇರುವಾಗ ಬೆಣಚಿನೊಡನೆ ಬೇರೆ ಖನಿಜಗಳೂ ಬರುತ್ತವೆ. ಇಲ್ಮನೈಟ್, ರೂಟೈಲ್, ಜಿರ್ಕಾನ್, ಗಾರ್ನೆಟ್, ಸಿಲಿಮನೈಟ್, ಮೊನಜೈಟ್ ಎಂಬ ಇವೆಲ್ಲವೂ ಬೆಣಚಿಗಿಂತ ಭಾರವಾದವು. ಮುಂಗಾರಿನ ಅಲೆಗಳು ಹಗುರವಾದ ಮರಳನ್ನು ಸೆಳೆದೊಯ್ದು ಭಾರವಾದುದನ್ನು ದಂಡೆಯಲ್ಲಿಯೇ ಬಿಡುತ್ತವೆ. ನಮ್ಮ ತಾಯಂದಿರು ಮೊರದಲ್ಲಿ ಕಾಳು ಕೇರುವುದನ್ನು ಕಂಡವರಿಗೆ ಈ ಕ್ರಿಯೆಯನ್ನು ಇನ್ನು ವಿವರಿಸಬೇಕಾಗಿಲ್ಲ.

ಇವುಗಳ ಉಪಯೋಗವೂ ನಮ್ಮ ನಿತ್ಯಜೀವನದಿಂದ ದೂರವಿಲ್ಲ. ಇಲ್ಮನೈಟ್ ಮತ್ತು ರೂಟೈಲುಗಳಿಂದ ಟೈಟೇನಿಯಂ ಲೋಹವೂ, ಗೋಡೆಯ ಬಿಳಿ ಬಣ್ಣಕ್ಕೆ ಬೇಕಾದ ಟೈಟೇನಿಯಂ ಡೈ ಆಕ್ಸೈಡೂ ದೊರೆಯುತ್ತವೆ. ಜಿರ್ಕಾನ್ ಪಿಂಗಾಣಿ ಹಾಗೂ ಹೊಳಪಿನ ಟೈಲ್ಸ್‌ಗಳಿಗೆ ಬೇಕು. ಗಾರ್ನೆಟ್ ಉಜ್ಜುವ ಕಾಗದಕ್ಕೆ ಬೇಕು. ಇವೆಲ್ಲಕ್ಕಿಂತ ಮಹತ್ತ್ವದ್ದು ಮೊನಜೈಟ್. ಅದರಲ್ಲಿ ಅರ್ಧಕ್ಕೂ ಹೆಚ್ಚು ಪಾಲು ವಿರಳ ಭೂಧಾತುಗಳ ಆಕ್ಸೈಡುಗಳು; ಶೇಕಡಾ 8ರಿಂದ 10ರಷ್ಟು ಥೋರಿಯಂ. ವಿರಳ ಭೂಧಾತುಗಳಿಲ್ಲದೆ ವಿದ್ಯುತ್ ವಾಹನಗಳ ಮೋಟಾರು, ಗಾಳಿಯಂತ್ರ, ರಾಡಾರುಗಳಿಗೆ ಬೇಕಾದ ಪ್ರಬಲ ಕಾಂತಗಳು ಆಗವು. ಥೋರಿಯಂ, ಡಾ. ಹೋಮಿ ಭಾಭಾ ಅವರು ರೂಪಿಸಿದ ಮೂರು ಹಂತಗಳ ಅಣುಶಕ್ತಿ ಯೋಜನೆಯ ಮೂರನೆಯ ಹಂತಕ್ಕೆ ಆಧಾರ. ಅಣುಶಕ್ತಿ ಇಲಾಖೆಯ ಖನಿಜ ಅನ್ವೇಷಣಾ ನಿರ್ದೇಶನಾಲಯವು ದೇಶದಲ್ಲಿ 1 ಕೋಟಿ 31 ಲಕ್ಷ ಟನ್ನುಗಳಿಗೂ ಮಿಕ್ಕಿದ ಮೊನಜೈಟ್ ಇದೆಯೆಂದು ಅಂದಾಜು ಮಾಡಿದೆ.

2. ಈ ಮರಳು ಯಾರದು?

ಈ ಸಂಪತ್ತಿನ ಸುದ್ದಿ ಹೊರಬಿದ್ದ ಬಗೆ ಸ್ವಾರಸ್ಯಕರವಾಗಿದೆ. ತಿರುವಾಂಕೂರಿನಿಂದ ಹಡಗೇರಿ ಹೋದ ತೆಂಗಿನ ನಾರಿಗೆ ಅಂಟಿಕೊಂಡಿದ್ದ ಮರಳಿನಲ್ಲಿ 1909ರಲ್ಲಿ ಶೋಂಬರ್ಗ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞನು ಮೊನಜೈಟನ್ನು ಗುರುತಿಸಿದನು. ಅದರ ಜಾಡು ಹಿಡಿದು ಮಣವಾಳಕುರಿಚಿಗೆ ಬಂದು ಮರಳು ಬೇರ್ಪಡಿಸುವ ಕಾರ್ಖಾನೆಯನ್ನು ತೆರೆದನು. ಆಗ ಥೋರಿಯಮ್ಮಿಗೆ ಬೆಲೆ ಬಂದದ್ದು ದೀಪದ ಮ್ಯಾಂಟಲ್ಲಿನಿಂದ. ನಮ್ಮ ಜಾತ್ರೆಗಳಲ್ಲಿ, ಬಯಲಾಟಗಳಲ್ಲಿ ರಾತ್ರಿಯೆಲ್ಲ ಬೆಳಗುತ್ತಿದ್ದ ಪೆಟ್ರೋಮ್ಯಾಕ್ಸ್ ದೀಪದ ಆ ಬೆಳ್ಳನೆಯ ಬಲೆಗೆ ಪ್ರಖರತೆಯನ್ನು ಕೊಟ್ಟದ್ದೂ ಇದೇ ವಸ್ತು. ಬೆಳಕನ್ನು ಕಂಡ ನಮಗೆ ಅದರ ಹಿಂದಿನ ಕಡಲತೀರ ಕಂಡಿರಲಿಲ್ಲ.

ಎರಡನೆಯ ಮಹಾಯುದ್ಧದ ಅನಂತರ ಅಣುಶಕ್ತಿಯ ಯುಗ ಬಂದಿತು. ಥೋರಿಯಂ ದೀಪದ ಸಾಮಗ್ರಿಯಾಗಿರುವುದನ್ನು ಬಿಟ್ಟು ರಾಜಕಾರಣದ ಸಾಮಗ್ರಿಯಾಯಿತು. 1947ರಲ್ಲಿ ತಿರುವಾಂಕೂರಿನ ದಿವಾನರಾಗಿದ್ದ ಸರ್ ಸಿ. ಪಿ. ರಾಮಸ್ವಾಮಿ ಅಯ್ಯರ್ ಅವರು ಸಂಸ್ಥಾನವನ್ನು ಸ್ವತಂತ್ರವಾಗಿ ಉಳಿಸಲು ಯತ್ನಿಸಿದಾಗ ಅವರ ಧೈರ್ಯಕ್ಕಿದ್ದ ಕಾರಣಗಳಲ್ಲಿ ಈ ಮರಳೂ ಒಂದು. ಆ ಯತ್ನ ಫಲಿಸಲಿಲ್ಲ. ಸ್ವತಂತ್ರ ಭಾರತ ಸರ್ಕಾರವು 1950ರಲ್ಲಿ ಇಂಡಿಯನ್ ರೇರ್ ಅರ್ತ್ಸ್ ಸಂಸ್ಥೆಯನ್ನು ಸ್ಥಾಪಿಸಿತು. ಕಾಲಕ್ರಮದಲ್ಲಿ ಚವರ, ಮಣವಾಳಕುರಿಚಿಗಳ ಘಟಕಗಳು ಆ ಸಂಸ್ಥೆಗೆ ಸೇರಿದವು. ಕೇರಳ ರಾಜ್ಯದ ಸ್ವಂತ ಸಂಸ್ಥೆಯೊಂದೂ ಚವರದಲ್ಲಿ ನಡೆಯುತ್ತಿದೆ. 1957ರ ಗಣಿ ಮತ್ತು ಖನಿಜಗಳ ಕಾಯಿದೆಯು ಈ ಮರಳಿನ ಖನಿಜಗಳನ್ನು ಅಣುಖನಿಜಗಳ ಪಟ್ಟಿಗೆ ಸೇರಿಸಿದೆ. 1962ರ ಅಣುಶಕ್ತಿ ಕಾಯಿದೆಯು ಅವುಗಳ ಮೇಲೆ ಇನ್ನೊಂದು ಕಾವಲನ್ನು ಇರಿಸಿತು.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಈ ಕಾನೂನುಗಳೆಲ್ಲ ಕೇಳಿದ ಪ್ರಶ್ನೆ ಒಂದೇ: ಮರಳನ್ನು ಯಾರು ತೆಗೆಯಬೇಕು? ತೆಗೆದ ಮೇಲೆ ಆ ಊರು ಏನಾಗುತ್ತದೆ ಎಂಬ ಪ್ರಶ್ನೆಯನ್ನು ಅವು ಕೇಳಲಿಲ್ಲ.

3. ಬಾಗಿಲು ತೆರೆದುದು, ಮುಚ್ಚಿದುದು

1998ರಲ್ಲಿ ಕೇಂದ್ರ ಸರ್ಕಾರವು ತನ್ನ ನೀತಿಯನ್ನು ಬದಲಿಸಿ ಖಾಸಗಿಯವರಿಗೂ ಈ ಕ್ಷೇತ್ರದಲ್ಲಿ ಅವಕಾಶ ಕೊಟ್ಟಿತು. 2007ರ ಜನವರಿಯಿಂದ ಇಲ್ಮನೈಟ್ ಮೊದಲಾದವು ಅಣುಶಕ್ತಿ ಇಲಾಖೆಯ ನಿಯಮಿತ ವಸ್ತುಗಳ ಪಟ್ಟಿಯಿಂದ ಹೊರಬಂದವು. ಮೊನಜೈಟ್ ಮಾತ್ರ ಪಟ್ಟಿಯಲ್ಲಿ ಉಳಿಯಿತು. ಕಾಗದದ ಮೇಲೆ ಇದು ಸರಿಯಾಗಿಯೇ ಕಾಣುತ್ತದೆ. ಆದರೆ ದಂಡೆಯ ಮೇಲೆ ಗಾರ್ನೆಟ್ ಒಂದು ಕಡೆ, ಮೊನಜೈಟ್ ಒಂದು ಕಡೆ ಬಿದ್ದಿರುವುದಿಲ್ಲ. ಒಂದನ್ನು ಬಾಚಿದವನ ಬುಟ್ಟಿಗೆ ಇನ್ನೊಂದು ತಾನಾಗಿ ಬರುತ್ತದೆ. ಕಡಲು ಬೆರೆಸಿಟ್ಟಿದ್ದನ್ನು ಕಾನೂನು ಪಟ್ಟಿಯಲ್ಲಿ ಬೇರ್ಪಡಿಸಿತು. ನಿಯಂತ್ರಣದ ದೌರ್ಬಲ್ಯ ಇರುವುದು ಇಲ್ಲಿಯೇ.

ಪರಿಣಾಮ ಬಹುಬೇಗ ಗೋಚರಿಸಿತು. 2013ರಲ್ಲಿ ತೂತ್ತುಕುಡಿ ಜಿಲ್ಲೆಯಲ್ಲಿ ಅಕ್ರಮ ಗಣಿಗಾರಿಕೆಯ ದೂರುಗಳು ಎದ್ದು, ತಮಿಳುನಾಡು ಸರ್ಕಾರವು ಮೊದಲು ಆ ಜಿಲ್ಲೆಯಲ್ಲಿ, ಬಳಿಕ ಇತರ ತೀರಗಳಲ್ಲಿಯೂ ಖನಿಜ ಮರಳು ತೆಗೆಯುವುದನ್ನು ನಿಲ್ಲಿಸಿ ತನಿಖಾ ಸಮಿತಿಯನ್ನು ನೇಮಿಸಿತು. 2016ರ ಅಣುಖನಿಜ ರಿಯಾಯಿತಿ ನಿಯಮಗಳು, ಭಾರಖನಿಜದಲ್ಲಿ ಮೊನಜೈಟಿನ ಅಂಶ ಒಂದು ಮಿತಿಯನ್ನು ಮೀರಿದ ನಿಕ್ಷೇಪಗಳನ್ನು ಸರ್ಕಾರಿ ಸಂಸ್ಥೆಗಳಿಗೆ ಕಾಯ್ದಿರಿಸಿದವು. 2019ರಲ್ಲಿ ಆ ಮಿತಿಯನ್ನು ಸೊನ್ನೆಗೆ ಇಳಿಸಲಾಯಿತು. ಅಂದರೆ ಮೊನಜೈಟ್ ಲವಲೇಶವಿದ್ದರೂ ಅದು ಸರ್ಕಾರಿ ಸಂಸ್ಥೆಯ ಪಾಲು. 2025ರ ಫೆಬ್ರವರಿಯಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯವು ಹಿಂದಿನ ಅಕ್ರಮಗಳನ್ನು ಸಿಬಿಐ ತನಿಖೆಗೆ ಒಪ್ಪಿಸಿ, 5,832 ಕೋಟಿ ರೂಪಾಯಿಗಳ ವಸೂಲಿಗೆ ಆದೇಶ ನೀಡಿತು. ಬಳ್ಳಾರಿಯ ಅದಿರಿನ ಕಥೆಯನ್ನು, 2011ರ ಲೋಕಾಯುಕ್ತ ವರದಿಯನ್ನು, ಅದೇ ವರ್ಷ ಸರ್ವೋಚ್ಚ ನ್ಯಾಯಾಲಯವು ಅಲ್ಲಿನ ಗಣಿಗಾರಿಕೆಯನ್ನು ತಡೆಹಿಡಿದುದನ್ನು ಕಂಡಿರುವ ನಮಗೆ ಇದು ಅಪರಿಚಿತ ಕಥೆಯಲ್ಲ. ನೆಲದಿಂದ ಹೋದ ಖನಿಜದ ಲೆಕ್ಕ ನ್ಯಾಯಾಲಯವನ್ನು ತಲುಪುವಷ್ಟರಲ್ಲಿ ಖನಿಜ ಹಡಗು ಹತ್ತಿ ವರ್ಷಗಳಾಗಿರುತ್ತವೆ.

ಹೀಗೆ ಖಾಸಗಿಯವರಿಗೆ ಬಾಗಿಲು ಮುಚ್ಚಿತು. ಇದರಿಂದ ಕಳ್ಳತನಕ್ಕೆ ತಡೆ ಬಿದ್ದಿರಬಹುದು. ಆದರೆ ತೆಗೆಯುವವರು ಸರ್ಕಾರದವರೇ ಆದಾಗ ಊರಿನ ಪ್ರಶ್ನೆ ತಾನಾಗಿ ಬಗೆಹರಿಯುವುದೇ? ಇದಕ್ಕೆ ಆಲಪ್ಪಾಡ್ ಉತ್ತರ ಹೇಳುತ್ತದೆ.

4. ಆಲಪ್ಪಾಡ್ ಗ್ರಾಮದ ದೃಷ್ಟಾಂತ

ಕೊಲ್ಲಂ ಜಿಲ್ಲೆಯ ಆಲಪ್ಪಾಡ್ ಪಂಚಾಯತಿಯು ಒಂದು ಕಡೆ ಅರಬ್ಬೀ ಸಮುದ್ರ, ಇನ್ನೊಂದು ಕಡೆ ಕಾಲುವೆ, ಇವೆರಡರ ನಡುವಣ ಕಿರಿದಾದ ಪಟ್ಟಿ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಆ ಪಟ್ಟಿಯಲ್ಲಿ ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಅಲ್ಲಿ ಮರಳು ತೆಗೆಯುವವು ಸರ್ಕಾರಿ ಸಂಸ್ಥೆಗಳೇ. ಅಲೆ ತಂದು ಹಾಕಿದ ಮರಳನ್ನು ದಂಡೆಯಿಂದಲೇ ಬಾಚುವುದು ಒಂದು ವಿಧಾನ. ಒಳನಾಡಿನ ನೆಲವನ್ನು ಅಗೆದು ಭಾರಖನಿಜ ಬೇರ್ಪಡಿಸಿ ಉಳಿದ ಬಿಳಿ ಮರಳನ್ನು ಮತ್ತೆ ಗುಂಡಿಗೆ ತುಂಬುವುದು ಇನ್ನೊಂದು ವಿಧಾನ.

ಹಳೆಯ ನಕ್ಷೆಗಳಲ್ಲಿರುವ ಊರು ಈಗ ಇಲ್ಲ, ನೆಲವೆಲ್ಲ ಕಡಲಿಗೆ ಹೋಯಿತು ಎಂದು ಗ್ರಾಮಸ್ಥರು ದೂರುತ್ತ ಬಂದರು. 2018ರ ನವೆಂಬರ್ 1ರಂದು ಅವರು ಸರದಿ ಉಪವಾಸ ಸತ್ಯಾಗ್ರಹ ಹೂಡಿದರು. 2019ರ ಜನವರಿಯಲ್ಲಿ ಅದರ ಸುದ್ದಿ ದೇಶವೆಲ್ಲ ಹಬ್ಬಿ, ಕೇರಳ ಸರ್ಕಾರವು ದಂಡೆಯಿಂದ ಮರಳು ಬಾಚುವುದನ್ನು ಒಂದು ತಿಂಗಳ ಮಟ್ಟಿಗೆ ನಿಲ್ಲಿಸಲು ಒಪ್ಪಿತು.

ಈ ವಿಷಯದಲ್ಲಿ ಎರಡೂ ಪಕ್ಷಗಳ ಮಾತನ್ನು ತೂಗಿ ನೋಡುವುದು ವಿವೇಕ. ಕೇರಳದ ತೀರ ಕೊರೆಯುವುದಕ್ಕೆ ಗಣಿಗಾರಿಕೆಯೊಂದೇ ಕಾರಣವಲ್ಲ. ಕಲ್ಲಿನ ತಡೆಗೋಡೆಗಳು, ಬಂದರುಗಳ ಅಲೆತಡೆಗಳು, ಮುಂಗಾರಿನ ಅಬ್ಬರ ಇವೂ ಕಾರಣಗಳು. ವಿಕಿರಣದ ಭೀತಿಯ ವಿಚಾರದಲ್ಲಿಯೂ ಎಚ್ಚರಿಕೆ ಬೇಕು. ಮೊನಜೈಟಿನಿಂದಾಗಿ ಆ ತೀರದಲ್ಲಿ ಸಹಜ ವಿಕಿರಣ ಹೆಚ್ಚು. ಆದರೆ ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದವರು ಕರುನಾಗಪಳ್ಳಿ ತಾಲ್ಲೂಕಿನ ಸುಮಾರು 70,000 ಜನರನ್ನು ಹತ್ತು ವರ್ಷಗಳಿಗೂ ಮೇಲ್ಪಟ್ಟು ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆ ಸಹಜ ವಿಕಿರಣದಿಂದ ಕ್ಯಾನ್ಸರ್ ಹೆಚ್ಚಿರುವುದು ಕಂಡುಬರಲಿಲ್ಲ. ಮೊನಜೈಟನ್ನು ತೆಗೆದರೆ ದಂಡೆಯ ವಿಕಿರಣ ಕಡಿಮೆಯಾಗುತ್ತದೆ ಎಂಬ ಗಣಿಯವರ ವಾದದಲ್ಲಿಯೂ ಹುರುಳಿದೆ. ಆದರೆ ದಂಡೆಯಲ್ಲಿ ಚದುರಿದ್ದ ಮೊನಜೈಟ್ ಬೇರ್ಪಟ್ಟ ಮೇಲೆ ಕಾರ್ಖಾನೆಯಲ್ಲಿ ಒಂದೆಡೆ ಸೇರುತ್ತದೆ. ಅಲ್ಲಿ ದುಡಿಯುವವರ ರಕ್ಷಣೆ, ಉಳಿಕೆಯ ಸಂಗ್ರಹ ಇವುಗಳ ಮೇಲೆ 1983ರಲ್ಲಿ ಸ್ಥಾಪಿತವಾದ ಅಣುಶಕ್ತಿ ನಿಯಂತ್ರಣ ಮಂಡಳಿಯ ಕಣ್ಣು ಸದಾ ಇರಬೇಕಾಗುತ್ತದೆ.

ಹೀಗೆ ತೂಗಿ ನೋಡಿದ ಮೇಲೂ ಒಂದು ಮಾತು ಉಳಿಯುತ್ತದೆ. ತಿಂಗಳುಗಟ್ಟಲೆ ಉಪವಾಸ ಕುಳಿತರೆ ಮಾತ್ರ ಕೇಳುವ ವ್ಯವಸ್ಥೆಯು ಮೊದಲೇ ಕೂರಿಸಿ ಕೇಳಿದ್ದರೆ ಉಪವಾಸದ ಅಗತ್ಯವೇ ಬೀಳುತ್ತಿರಲಿಲ್ಲವೇನೋ.

5. ಅನುಮತಿಯ ಮೆಟ್ಟಿಲುಗಳು

ಖನಿಜ ಮರಳಿನ ಒಂದು ಯೋಜನೆ ನೆಲಕ್ಕೆ ಇಳಿಯುವ ಮುನ್ನ ಹತ್ತಬೇಕಾದ ಮೆಟ್ಟಿಲುಗಳು ಹಲವು. ಮೊದಲು ಅಣುಖನಿಜ ನಿರ್ದೇಶನಾಲಯದವರು ನಿಕ್ಷೇಪದ ಪ್ರಮಾಣವನ್ನು ಅಳೆಯುತ್ತಾರೆ. ಆಮೇಲೆ ಕೇಂದ್ರದ ಒಪ್ಪಿಗೆ ಪಡೆದು ರಾಜ್ಯ ಸರ್ಕಾರವು ಸರ್ಕಾರಿ ಸಂಸ್ಥೆಗೆ ಗುತ್ತಿಗೆಯ ಆಶಯಪತ್ರ ಕೊಡುತ್ತದೆ. ಎಲ್ಲಿ, ಎಷ್ಟು ಆಳ ಅಗೆಯಬೇಕು, ಹೇಗೆ ಮತ್ತೆ ತುಂಬಬೇಕು ಎಂಬ ಗಣಿ ಯೋಜನೆಗೆ ಅದೇ ನಿರ್ದೇಶನಾಲಯದ ಅನುಮೋದನೆ ಬೇಕು. ಬಳಿಕ ಪರಿಸರ ಮಂತ್ರಾಲಯದ ಅನುಮತಿ, ಅದರೊಡನೆ ಕರಾವಳಿ ನಿಯಂತ್ರಣ ವಲಯದ ಅನುಮತಿ. ಕರಾವಳಿ ವಲಯದ ನಿಯಮ ತೀರದಲ್ಲಿ ಮರಳು ತೆಗೆಯುವುದನ್ನು ಸಾಮಾನ್ಯವಾಗಿ ನಿಷೇಧಿಸುತ್ತದೆಯಾದರೂ ಬೇರೆಲ್ಲೂ ದೊರೆಯದ ವಿರಳ ಖನಿಜಗಳಿಗೆ ವಿನಾಯಿತಿ ಇದೆ. ಇದಾದ ಮೇಲೆ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಮತ್ತು ಅಣುಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ.

ಈ ಮೆಟ್ಟಿಲುಗಳಲ್ಲಿ ಕುಳಿತವರೆಲ್ಲ ಅಧಿಕಾರಿಗಳು, ವಿಜ್ಞಾನಿಗಳು. ಊರಿನವನೊಬ್ಬನು ಹಕ್ಕಿನಿಂದ ಬಂದು ಎಲ್ಲರ ಮುಂದೆ ನಿಂತು ಮಾತಾಡಬಹುದಾದ ಮೆಟ್ಟಿಲು ಒಂದೇ. ಅದು ಪರಿಸರ ಅನುಮತಿಯ ಅಂಗವಾಗಿ ನಡೆಯುವ ಸಾರ್ವಜನಿಕ ಆಲಿಕೆ ಸಭೆ.

6. ಆಲಿಕೆ ಸಭೆಯ ಸ್ವರೂಪ

1994ರ ಪರಿಸರ ಪರಿಣಾಮ ಅಧಿಸೂಚನೆಗೆ 1997ರಲ್ಲಿ ತಿದ್ದುಪಡಿಯಾಗಿ ಆಲಿಕೆ ಸಭೆ ಕಡ್ಡಾಯವಾಯಿತು. 2006ರ ಅಧಿಸೂಚನೆ ಅದರ ಕ್ರಮವನ್ನು ವಿಶದಪಡಿಸಿತು. ಕನಿಷ್ಠ 30 ದಿನ ಮೊದಲು ಪತ್ರಿಕೆಗಳಲ್ಲಿ ಪ್ರಕಟಣೆ ಕೊಡಬೇಕು. ಯೋಜನೆಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ದೊರೆಯಬೇಕು. ಸಭೆ ಯೋಜನೆಯ ಸ್ಥಳದಲ್ಲಿ ಅಥವಾ ಅದರ ಸಮೀಪದಲ್ಲಿಯೇ ನಡೆಯಬೇಕು. ಜಿಲ್ಲಾಧಿಕಾರಿಗಳು ಅಥವಾ ಅವರ ಪ್ರತಿನಿಧಿಯಾಗಿ ಅಪರ ಜಿಲ್ಲಾಧಿಕಾರಿಗೆ ಕಡಿಮೆಯಲ್ಲದ ಅಧಿಕಾರಿ ಅಧ್ಯಕ್ಷತೆ ವಹಿಸಬೇಕು. ನಡವಳಿಗಳ ವಿಡಿಯೋ ಚಿತ್ರೀಕರಣವಾಗಬೇಕು. ಕೊನೆಗೆ ನಡವಳಿಯನ್ನು ಸ್ಥಳೀಯ ಭಾಷೆಯಲ್ಲಿ ಸಭೆಗೆ ಓದಿ ಹೇಳಬೇಕು.

ಈ ಸಭೆಗೆ ಯೋಜನೆಯನ್ನು ತಿರಸ್ಕರಿಸುವ ಅಧಿಕಾರವಿಲ್ಲ. ಮತ ಹಾಕುವ ಪದ್ಧತಿಯೂ ಇಲ್ಲ. ಜನ ಹೇಳಿದ್ದನ್ನು ಬರೆದುಕೊಳ್ಳಬೇಕು, ಅದಕ್ಕೆ ಯೋಜನೆಯವರು ಉತ್ತರ ಕೊಡಬೇಕು, ತೀರ್ಮಾನಿಸುವವರು ಅದನ್ನು ಪರಿಗಣಿಸಬೇಕು. ಇಷ್ಟೇ ಅದರ ಬಲ. ಆದರೆ ಇಷ್ಟರಲ್ಲಿಯೇ ಬಹಳವಿದೆ. ಯಾವ ತಿಂಗಳಲ್ಲಿ ದಂಡೆ ಕರಗುತ್ತದೆ, ಯಾವ ತಿಂಗಳಲ್ಲಿ ಕಡಲು ಅದನ್ನು ಮರಳಿ ಕಟ್ಟುತ್ತದೆ, ಯಾವ ಬಾವಿಗೆ ಮೊದಲು ಉಪ್ಪುನೀರು ನುಗ್ಗುತ್ತದೆ ಎಂಬುದನ್ನು ಅಲ್ಲಿಯೇ ಬಾಳಿದವನು ಬಲ್ಲ. ಪಟ್ಟಣದಿಂದ ಬಂದು ಒಂದು ಋತುವಿನ ಅಳತೆ ಮಾಡಿಕೊಂಡು ಹೋದವರ ವರದಿಗೆ ಅವನ ಅನುಭವವು ತಿದ್ದುಪಡಿಯಾಗಬಲ್ಲದು.

2024ರಲ್ಲಿ ಕನ್ಯಾಕುಮಾರಿ ಜಿಲ್ಲೆಯ ಕಿಳ್ಳಿಯೂರ್ ತಾಲ್ಲೂಕಿನಲ್ಲಿ 1,144 ಹೆಕ್ಟೇರುಗಳ ಹೊಸ ಯೋಜನೆಯೊಂದು ಮುಂದೆ ಬಂದಿತು. ಅಕ್ಟೋಬರ್ 1ಕ್ಕೆ ಗೊತ್ತುಪಡಿಸಿದ್ದ ಆಲಿಕೆ ಸಭೆ ತೀರದ ಜನರ ಪ್ರತಿಭಟನೆಯಿಂದ ಮುಂದಕ್ಕೆ ಹೋಯಿತು. ಮರುವರ್ಷ 2025ರ ಸೆಪ್ಟೆಂಬರ್ 8ರಂದು ಕೇಂದ್ರ ಪರಿಸರ ಮಂತ್ರಾಲಯವು ಜ್ಞಾಪನಪತ್ರವೊಂದನ್ನು ಹೊರಡಿಸಿ, ಅಣುಖನಿಜಗಳ ಹಾಗೂ ನಿರ್ಣಾಯಕ ಖನಿಜಗಳ ಗಣಿಗಳಿಗೆ ಸಾರ್ವಜನಿಕ ಸಮಾಲೋಚನೆಯಿಂದ ವಿನಾಯಿತಿ ನೀಡಿತು. ಅಂಥ ಯೋಜನೆಗಳೆಲ್ಲವನ್ನೂ ಕೇಂದ್ರದ ಮಟ್ಟದಲ್ಲಿಯೇ ಪರಿಶೀಲಿಸುವಂತೆ ವಿಧಿಸಿತು.

ಇದಕ್ಕೆ ಕಾರಣಗಳಿಲ್ಲದೆ ಇಲ್ಲ. 2025ರ ಏಪ್ರಿಲ್‌ನಲ್ಲಿ ಚೀನಾ ದೇಶವು ಕೆಲವು ವಿರಳ ಭೂಧಾತುಗಳ ರಫ್ತಿಗೆ ನಿರ್ಬಂಧ ಹೇರಿದಾಗ ನಮ್ಮ ಕೈಗಾರಿಕೆಗಳು ತೊಡಕಿಗೆ ಸಿಲುಕಿದವು. ರಕ್ಷಣೆಗೂ ಅಣುಶಕ್ತಿಗೂ ಈ ಖನಿಜಗಳು ಅನಿವಾರ್ಯ. ವಿಳಂಬ ದೇಶಕ್ಕೆ ಹಾನಿ ಎಂಬ ಚಿಂತೆಯನ್ನು ಹಗುರವಾಗಿ ಕಾಣಲಾಗದು. ಆದರೆ ಪ್ರಶ್ನೆಯಿರುವುದು ಬೇರೆ ಕಡೆ. ಆಲಿಕೆ ಸಭೆ ಬೇಡಿದ್ದು ಒಂದು ತಿಂಗಳ ಸೂಚನೆ ಮತ್ತು ಒಂದು ದಿನದ ಕೇಳ್ಮೆ. ತಲೆಮಾರುಗಳ ಕಾಲ ನಡೆಯಬಹುದಾದ ಕೆಲಸಕ್ಕೆ ಅದು ದೊಡ್ಡ ತೆರಿಗೆಯಲ್ಲ. ನಿರಾಕರಿಸುವ ಅಧಿಕಾರವೇ ಇಲ್ಲದ ಸಭೆಯನ್ನು ಕೈಬಿಟ್ಟರೆ ಸಮಯ ಸ್ವಲ್ಪ ಉಳಿಯುತ್ತದೆ; ಊರಿನ ಅನುಭವವೂ ಊರಿನ ವಿಶ್ವಾಸವೂ ಪೂರ್ತಿ ಹೋಗುತ್ತವೆ. ಹೇಳಿಕೊಳ್ಳಲು ಚಾವಡಿಯಿಲ್ಲದವರು ಬೀದಿಗೆ ಬರುತ್ತಾರೆ, ಇಲ್ಲವೆ ನ್ಯಾಯಾಲಯಕ್ಕೆ ಹೋಗುತ್ತಾರೆ. ಎರಡೂ ಆಲಿಕೆ ಸಭೆಗಿಂತ ದೀರ್ಘವಾದ ದಾರಿಗಳು.

7. ನಮಗೆ ಇದರಿಂದೇನು?

ಈಗ ಮೊದಲಿನ ಪ್ರಶ್ನೆಗೆ ಬರೋಣ. ಆ ಜ್ಞಾಪನಪತ್ರದ ವಿನಾಯಿತಿ ಕಡಲತೀರಕ್ಕೆ ಮಾತ್ರ ಸೀಮಿತವಲ್ಲ. 2023ರ ತಿದ್ದುಪಡಿಯಿಂದ ನಿರ್ಣಾಯಕ ಖನಿಜಗಳ ಪಟ್ಟಿಗೆ ಸೇರಿದವುಗಳಲ್ಲಿ ಲಿಥಿಯಂ ಒಂದು. ನಮ್ಮ ಮಂಡ್ಯ ಜಿಲ್ಲೆಯ ಮರಳಗಾಲ ಪ್ರದೇಶದಲ್ಲಿ ಸುಮಾರು 1,600 ಟನ್ ಲಿಥಿಯಂ ಇದೆಯೆಂದು ಅಣುಖನಿಜ ನಿರ್ದೇಶನಾಲಯ ಅಂದಾಜು ಮಾಡಿದೆ. ಮುಂದೊಂದು ದಿನ ಅಲ್ಲಿ ಗಣಿಯ ಪ್ರಸ್ತಾವ ಬಂದರೆ, ಆಗಲೂ ಈ ವಿನಾಯಿತಿ ಜಾರಿಯಲ್ಲಿದ್ದರೆ, ಅಲ್ಲಿನ ರೈತನಿಗೂ ಆಲಿಕೆ ಸಭೆ ಇರುವುದಿಲ್ಲ. ಕಿಳ್ಳಿಯೂರಿನ ಬೆಸ್ತನ ಪ್ರಶ್ನೆಯೂ ಮಂಡ್ಯದ ರೈತನ ಪ್ರಶ್ನೆಯೂ ಒಂದೇ.

ಶರಣರ ಪರಂಪರೆಯಲ್ಲಿ ಬೆಳೆದ ಈ ವಿದ್ಯಾಸಂಸ್ಥೆಗೆ ಇದು ಹೊಸ ವಿಚಾರವಲ್ಲ. ಹನ್ನೆರಡನೆಯ ಶತಮಾನದ ಅನುಭವ ಮಂಟಪದಲ್ಲಿ ದೋಣಿ ನಡೆಸುವ ಅಂಬಿಗರ ಚೌಡಯ್ಯನವರಿಗೂ ಬಿದಿರಿನ ಕಾಯಕದ ಮೇದಾರ ಕೇತಯ್ಯನವರಿಗೂ ಬಟ್ಟೆ ಮಡಿ ಮಾಡುವ ಮಾಚಿದೇವರಿಗೂ ಸ್ಥಾನವಿದ್ದಿತೆಂದು ನಮ್ಮ ಪರಂಪರೆ ಸಾರುತ್ತದೆ. ಅವರ ಮಾತಿಗೆ ಬೆಲೆ ಬಂದದ್ದು ಅವರ ಕಾಯಕದ ಅನುಭವದಿಂದ. ಸಂಪತ್ತು ಸಮಾಜದ್ದೆಂಬುದು ದಾಸೋಹದ ತತ್ತ್ವ. ಅದನ್ನು ಒಪ್ಪಿದ ಮೇಲೆ, ಸಮಾಜಕ್ಕಾಗಿ ತನ್ನ ನೆಲವನ್ನು ಬಿಟ್ಟುಕೊಡುವವನನ್ನು ಮೊದಲು ಕೇಳುವುದೂ ಅದೇ ತತ್ತ್ವದ ಭಾಗವಾಗುತ್ತದೆ.

ಉಪಸಂಹಾರ

ಖನಿಜ ಮರಳಿನ ನೂರು ವರ್ಷಗಳ ಇತಿಹಾಸವು ನಮಗೆ ಕಲಿಸುವ ಪಾಠವನ್ನು ಹೀಗೆ ಸಂಗ್ರಹಿಸಬಹುದು. ಯಾರು ತೆಗೆಯಬೇಕು ಎಂಬ ಪ್ರಶ್ನೆಗೆ ಕಾನೂನು ಬೇಗ ಉತ್ತರ ಹುಡುಕಿತು. ತೆಗೆದ ಮೇಲೆ ಊರು ಏನಾಗಬೇಕು ಎಂಬುದನ್ನು ತಡವಾಗಿ ಕೇಳಿತು. ತಡವಾಗಿ ಕೇಳಿದ ಆ ಪ್ರಶ್ನೆಯನ್ನು ಈಗ ಕೈಬಿಡುವುದು ಹಿತವಲ್ಲ.

ನಮ್ಮ ಶಾಲೆಯಲ್ಲಿ ಓದಿ ಇಂದು ಅಧಿಕಾರಿಗಳಾಗಿ, ಎಂಜಿನಿಯರುಗಳಾಗಿ, ವಕೀಲರಾಗಿ ಇರುವ ಹಿರಿಯ ವಿದ್ಯಾರ್ಥಿಗಳು ಅನೇಕರಿದ್ದಾರೆ. ಕಡತದ ಮೇಲೆ ಸಹಿ ಹಾಕುವ ಮುನ್ನ, ಕಾನೂನು ಬಲವಂತಪಡಿಸದಿದ್ದರೂ, ಆ ಊರಿಗೆ ಒಮ್ಮೆ ಹೋಗಿ ಕೇಳುವುದು ಅವರ ಕೈಯಲ್ಲಿದೆ. ಶಿಕ್ಷಕಬಂಧುಗಳಿಗೂ ಒಂದು ಸೂಚನೆ. ತಮ್ಮ ಜಿಲ್ಲೆಯಲ್ಲಿ ಗಣಿಯದೋ ಕಾರ್ಖಾನೆಯದೋ ಆಲಿಕೆ ಸಭೆ ಗೊತ್ತಾದಾಗ, ಜಿಲ್ಲಾಧಿಕಾರಿಗಳ ಅಥವಾ ಜಿಲ್ಲಾ ಪಂಚಾಯತಿಯ ಕಚೇರಿಯಲ್ಲಿ ಇರಿಸುವ ಯೋಜನೆಯ ಕನ್ನಡ ಸಾರಾಂಶವನ್ನು ತಂದು ಮೇಲಿನ ತರಗತಿಗಳ ಮಕ್ಕಳಿಂದ ಓದಿಸಬೇಕು. ಎಷ್ಟು ನೀರು ಬೇಕಾಗುತ್ತದೆ, ಎಲ್ಲಿಂದ ತರುತ್ತಾರೆ, ಗುಂಡಿಯನ್ನು ಯಾರು ಮುಚ್ಚುತ್ತಾರೆ ಎಂಬ ಮೂರು ಪ್ರಶ್ನೆಗಳನ್ನು ಅವರಿಂದ ಬರೆಯಿಸಬೇಕು. ಆಮೇಲೆ ಸಭೆಯ ದಿನ ಅವರನ್ನು ಕರೆದೊಯ್ದು ಹಿಂದಿನ ಸಾಲಿನಲ್ಲಿ ಕೂರಿಸಬೇಕು. ಪೌರನೀತಿಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಸಿಗಲಾರದು.